ನಲ್ಲಿ ಬದಲಿಸುವ ಮುನ್ನ ಮೀಟರ್ ಬಾಕ್ಸ್ ತೆರೆಯಿರಿ

ಬಾತ್‌ರೂಮಿನಲ್ಲಿ ನೀರು ಸಣ್ಣಗೆ ಬಂದರೆ ನಾವು ಮೊದಲು ಬೈಯುವುದು ನಲ್ಲಿಯನ್ನು. ಪ್ಲಂಬರ್ ಬರುತ್ತಾರೆ, ಹೊಸ ನಲ್ಲಿ ಹಾಕುತ್ತಾರೆ, ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತದೇ ಕಥೆ. ಬಹಳ ಸಲ ತೊಂದರೆ ನಲ್ಲಿಯಲ್ಲಿ ಇರುವುದೇ ಇಲ್ಲ. ಬೆಂಗಳೂರಿನ ಸ್ವಂತ ಮನೆಗಳಲ್ಲಿ ನೀರು ರಸ್ತೆಯಿಂದ ಮೀಟರಿಗೆ, ಮೀಟರಿನಿಂದ ಸಂಪಿಗೆ, ಅಲ್ಲಿಂದ ಮೋಟರ್ ಹತ್ತಿಸಿ ತಾರಸಿಯ ಟ್ಯಾಂಕಿಗೆ, ಕೊನೆಗೆ ಕೆಳಗಿಳಿದು ನಲ್ಲಿಗೆ ಬರುತ್ತದೆ. ರಿಪೇರಿಗೆ ಹೊರಟವರೂ ಇದೇ ದಾರಿಯಲ್ಲಿ, ಇದೇ ಕ್ರಮದಲ್ಲಿ ಹೋಗಬೇಕು. ಖರ್ಚು ಕಡಿಮೆ ಆಗುವುದು ಆಗಲೇ.

ಒಂದು ಭಾನುವಾರ ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ಒಂದು ಸ್ಪ್ಯಾನರ್, ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪ್, ಟಾರ್ಚ್, ಹಳೆಯ ಟೂತ್‌ಬ್ರಷ್. ಇಷ್ಟು ಸಾಕು.

ಮೊದಲು ಗೇಟಿನ ಹತ್ತಿರ

ಎಲ್ಲ ನಲ್ಲಿ ಮುಚ್ಚಿ ಮೀಟರ್ ತಿರುಗುತ್ತಿದೆಯಾ ನೋಡಿ, ತಿರುಗಿದರೆ ಲೀಕ್ ಇದೆ ಎಂಬ ಸಲಹೆಯನ್ನು ನೀವೂ ಕೇಳಿರುತ್ತೀರಿ. ದಿನವಿಡೀ ನೀರು ಬರುವ ಊರುಗಳಿಗೆ ಅದು ಸರಿ. ನಮ್ಮಲ್ಲಿ ಕಾವೇರಿ ನೀರು ಬರುವುದು ಕೆಲವು ದಿನ, ಕೆಲವು ಗಂಟೆ ಮಾತ್ರ, ಅದೂ ನೇರ ಸಂಪಿಗೆ. ಮನೆಯೊಳಗಿನ ಲೀಕ್ ಆ ಮೀಟರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಪರೀಕ್ಷೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು.

ನೀರು ಬಿಟ್ಟ ಹೊತ್ತಿನಲ್ಲಿ ಸಂಪಿನ ಬಾಯಿಯ ಹತ್ತಿರ ಇರುವ ವಾಲ್ವ್ ಮುಚ್ಚಿ, ಹೋಗಿ ಮೀಟರ್ ನೋಡಿ. ನಿಂತಿದ್ದರೆ ಸರಿ. ಮುಳ್ಳು ಇನ್ನೂ ತಿರುಗುತ್ತಿದ್ದರೆ ಮೀಟರಿಗೂ ಸಂಪಿಗೂ ನಡುವೆ, ನಿಮ್ಮದೇ ಕಾಂಪೌಂಡಿನ ಮಣ್ಣಿನಡಿ ಪೈಪ್ ಸೋರುತ್ತಿದೆ. ಅದರ ಬಿಲ್ ನಿಮ್ಮದೇ. 2025ರ ಏಪ್ರಿಲ್‌ನಲ್ಲಿ ಜಲಮಂಡಳಿ ದರ ಏರಿಸಿದ ಮೇಲೆ ಇದು ಇನ್ನೂ ಮುಖ್ಯ, ಏಕೆಂದರೆ ದರ ಹಂತ ಹಂತವಾಗಿದೆ. ಬಳಕೆ ಹೆಚ್ಚಿದಂತೆ ಮೇಲಿನ ಹಂತದ ಒಂದೊಂದು ಲೀಟರಿಗೂ ಜಾಸ್ತಿ ಕೊಡುತ್ತೀರಿ. ಸೋರುವುದು ಮೀಟರಿಗಿಂತ ಮುಂಚೆ, ರಸ್ತೆ ಕಡೆಗಾದರೆ 1916ಕ್ಕೆ ಫೋನ್ ಮಾಡಿ ದೂರು ಕೊಡಿ, ನೀವು ಅಗೆಸಲು ಹೋಗಬೇಡಿ.

ಇನ್ನೊಂದು ಮಾತು. ನೀರು ನಿಧಾನವಾಗಿ ಬರುತ್ತದೆ ಎಂದು ಕಾವೇರಿ ಲೈನಿಗೇ ಮೋಟರ್ ಹಾಕಿ ಎಳೆಯುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ಪಕ್ಕದ ಮನೆಯವರ ಪಾಲಿನ ನೀರೂ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಹೀಗೆ ಎಳೆದಾಗ ರಸ್ತೆಯಡಿಯ ಪೈಪಿನಲ್ಲಿ ಎಲ್ಲಾದರೂ ಬಿರುಕಿದ್ದರೆ ಸುತ್ತಲಿನ ಚರಂಡಿ ನೀರು ಒಳಗೆ ಎಳೆದುಕೊಂಡು ಬರುತ್ತದೆ. ದಯವಿಟ್ಟು ಮಾಡಬೇಡಿ.

ಸಂಪು: ಕೋಲು ಹಾಕಿ ಅಳೆಯಿರಿ

ಕಾವೇರಿ ಬಾರದ ದಿನ ರಾತ್ರಿ ಟ್ಯಾಂಕ್ ತುಂಬಿಸಿ ಮೋಟರ್ ಆಫ್ ಮಾಡಿ. ಒಣಗಿದ ಉದ್ದನೆ ಕೋಲೊಂದನ್ನು ಸಂಪಿನ ತಳ ಮುಟ್ಟುವವರೆಗೆ ಇಳಿಸಿ, ಒದ್ದೆಯಾದ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಬೆಳಿಗ್ಗೆ ಮೋಟರ್ ಹಾಕುವ ಮೊದಲು ಮತ್ತೆ ಅಳೆಯಿರಿ. ಆರು ಅಡಿ ಉದ್ದ, ಐದು ಅಡಿ ಅಗಲದ ಸಂಪಿನಲ್ಲಿ ಮಟ್ಟ ಒಂದು ಇಂಚು ಇಳಿದಿದೆ ಎಂದರೆ ಸುಮಾರು 70 ಲೀಟರ್ ಹೋಗಿದೆ ಎಂದರ್ಥ. ಗೋಡೆಯಲ್ಲಿ ಅಥವಾ ಪೈಪ್ ಒಳಬರುವ ಜಾಗದಲ್ಲಿ ಬಿರುಕಿದೆ, ವಾಟರ್‌ಪ್ರೂಫಿಂಗ್ ಮಾಡಿಸಬೇಕು. ನೀರು ಹೊರಗೆ ಹೋಗುವ ಬಿರುಕಿನಲ್ಲಿ ಮಳೆಗಾಲದಲ್ಲಿ ಹೊರಗಿನ ಕೊಳೆ ನೀರು ಒಳಗೂ ಬರುತ್ತದೆ. ಮುಂದೂಡಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಹಾಗೇ ಸಂಪಿನ ಮುಚ್ಚಳ ನೋಡಿ. ನೆಲದ ಮಟ್ಟಕ್ಕೇ ಇದ್ದರೆ ಸುತ್ತ ಅರ್ಧ ಅಡಿಯಾದರೂ ಕಟ್ಟೆ ಎತ್ತರಿಸಿ. ಜೋರು ಮಳೆಗೆ ರಸ್ತೆಯ ಮ್ಯಾನ್‌ಹೋಲ್ ಉಕ್ಕಿ ಅಂಗಳಕ್ಕೆ ನುಗ್ಗುವ ಬಡಾವಣೆಗಳು ನಮ್ಮಲ್ಲಿ ಎಷ್ಟಿಲ್ಲ? ಮಕ್ಕಳಿರುವ ಮನೆಯಾದರೆ ಮುಚ್ಚಳಕ್ಕೆ ಬೀಗ ಇರಲೇಬೇಕು.

ಆರು ತಿಂಗಳಿಗೊಮ್ಮೆ ಸಂಪು ತೊಳೆಸಿ. ಇಳಿಯುವ ಮೊದಲು ಮೋಟರಿನ ಮೇನ್ ಸ್ವಿಚ್ ಆಫ್ ಆಗಿರಬೇಕು, ಒಳಗೆ ಮೋಟರ್ ಇದ್ದರಂತೂ ವೈರ್ ಪ್ಲಗ್ಗನ್ನೇ ಕಿತ್ತಿಡಿ. ಮುಚ್ಚಳ ತೆಗೆದು ಗಾಳಿಯಾಡಲು ಚೆನ್ನಾಗಿ ಹೊತ್ತು ಕೊಡಿ. ಒಬ್ಬರೇ ಯಾವತ್ತೂ ಇಳಿಯಬಾರದು, ಮೇಲೊಬ್ಬರು ನಿಂತಿರಲೇಬೇಕು. ಬ್ಲೀಚಿಂಗ್ ಪೌಡರ್ ಬಳಸುವಾಗ ಅದರ ಜೊತೆ ಟಾಯ್ಲೆಟ್ ಆ್ಯಸಿಡ್ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಜಾಗದಲ್ಲಿ ಅದು ಪ್ರಾಣಕ್ಕೇ ಅಪಾಯ.

ಮೋಟರ್ ಬಗ್ಗೆ ಚಿಕ್ಕದಾಗಿ: ಪ್ರತಿ ಸಲ ಮೇಲಿಂದ ನೀರು ಹುಯ್ದ ಮೇಲೆಯೇ ಅದು ಎಳೆಯುತ್ತದೆ ಎಂದಾದರೆ ಮೋಟರ್ ಕೆಟ್ಟಿಲ್ಲ, ಬಹುತೇಕ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಹೋಗಿರುತ್ತದೆ. ಅದನ್ನಷ್ಟೇ ಬದಲಿಸಿ.

ತಾರಸಿ ಹತ್ತಿ

ಟ್ಯಾಂಕಿಗೂ ಇದೇ ರಾತ್ರಿಯ ಪರೀಕ್ಷೆ. ಮೊದಲ ರಾತ್ರಿ ಕೆಳಗಿಳಿಯುವ ಎಲ್ಲ ವಾಲ್ವ್ ಮುಚ್ಚಿ ಮಟ್ಟ ಗುರುತಿಸಿ. ಇಳಿದರೆ ಟ್ಯಾಂಕೇ ಸೋರುತ್ತಿದೆ, ಅಥವಾ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ. ಇಳಿಯದಿದ್ದರೆ ಮರುದಿನ ರಾತ್ರಿ ವಾಲ್ವ್ ತೆರೆದಿಟ್ಟು, ಮನೆಯ ನಲ್ಲಿಗಳನ್ನು ಮಾತ್ರ ಮುಚ್ಚಿ ನೋಡಿ. ಈಗ ಇಳಿದರೆ ಲೀಕ್ ಗೋಡೆಯ ಪೈಪಿನಲ್ಲಿದೆ ಅಥವಾ ಫ್ಲಶ್ ಟ್ಯಾಂಕಿನಲ್ಲಿ.

ಬಹುಪಾಲು ಸಲ ಫ್ಲಶ್ ಟ್ಯಾಂಕೇ. ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಅದರೊಳಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರು ಬಣ್ಣ ತಿರುಗಿದರೆ ಒಳಗಿನ ರಬ್ಬರ್ ಸೀಲ್ ಹೋಗಿದೆ. ಸದ್ದಿಲ್ಲದೆ ಹಗಲು ರಾತ್ರಿ ಹರಿಯುವ ನೀರಿದು, ಯಾರ ಕಣ್ಣಿಗೂ ಬೀಳುವುದಿಲ್ಲ.

ತಾರಸಿಯಲ್ಲಿ ಇನ್ನೊಂದು ಕೆಲಸ ಇದೆ, ನನ್ನ ಪ್ರಕಾರ ಇಡೀ ಮನೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಉಪಯೋಗದ ಕೆಲಸ. ಟ್ಯಾಂಕಿನಿಂದ ಇಳಿಯುವ ಒಂದೊಂದು ಪೈಪಿನ ವಾಲ್ವ್ ಮುಚ್ಚಿ, ಕೆಳಗೆ ಎಲ್ಲಿ ನೀರು ನಿಂತಿತು ಎಂದು ಮನೆಯವರ ಹತ್ತಿರ ಕೂಗಿ ಕೇಳಿ. ಗೊತ್ತಾದ ಕೂಡಲೇ ಅದರ ಮೇಲೆ ಪೇಂಟಿನಲ್ಲಿ ಬರೆದುಬಿಡಿ: ಅಡುಗೆಮನೆ, ಕೆಳಗಿನ ಬಾತ್‌ರೂಮು, ಸೋಲಾರ್, ಗಿಡ. ಪೈಪ್ ಒಡೆದ ರಾತ್ರಿ ನೀವು ಊರಲ್ಲಿ ಇಲ್ಲದಿದ್ದರೂ ಮನೆಯಲ್ಲಿರುವ ಅಜ್ಜಿಯೋ ಮಗಳೋ ಫೋನಿನಲ್ಲಿ ನಿಮ್ಮನ್ನು ಕೇಳದೆ ಸರಿಯಾದ ವಾಲ್ವ್ ಮುಚ್ಚಬಹುದು. ತಿರುಗಿಸುವಾಗ ಯಾವುದಾದರೂ ಬಿಗಿದುಕೊಂಡಿದ್ದರೆ ಬಲವಂತ ಮಾಡಬೇಡಿ, ತಲೆ ಮುರಿದು ಕೈಗೆ ಬರುತ್ತದೆ. ಹಳೆಯ ಹಿತ್ತಾಳೆ ಗೇಟ್ ವಾಲ್ವ್‌ಗಳು ವರ್ಷಗಟ್ಟಲೆ ಮುಟ್ಟದಿದ್ದರೆ ಹೀಗೇ ಆಗುತ್ತವೆ. ಬದಲಿಗೆ ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಹಾಕಿಸಿ, ಎರಡು ಮೂರು ತಿಂಗಳಿಗೊಮ್ಮೆ ಸುಮ್ನೆ ಮುಚ್ಚಿ ತೆರೆಯುತ್ತಿರಿ.

ಬಿಸಿಲಿಗೆ ಬಿದ್ದ ಸಿಪಿವಿಸಿ ಪೈಪುಗಳು (ಬಿಸಿನೀರಿಗೂ ಬಳಸುವ ಪ್ಲಾಸ್ಟಿಕ್ ಪೈಪು) ಕ್ರಮೇಣ ಗಡುಸಾಗಿ ಬಿರುಕು ಬಿಡುತ್ತವೆ. ನೀರಿನಲ್ಲಿ ಕಲೆಸುವ ಸಾಮಾನ್ಯ ಬಿಳಿ ಪೇಂಟ್ ಬಳಿದರೂ ಆಯುಸ್ಸು ಹೆಚ್ಚುತ್ತದೆ.

ಟ್ಯಾಂಕ್ ತುಂಬಿ ತಾರಸಿ ಮೇಲೆ ಹರಿಯುವುದನ್ನು ನೋಡಿದರೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಈ ನೀರನ್ನು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದಿರುತ್ತಾರೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾನೇ ಆಫ್ ಆಗುವ ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿಬಿಡಿ. ಬೋರ್ ನೀರಿನ ಮನೆಯಾದರೆ ತಂತಿಯ ಸೆನ್ಸರಿನ ಮೇಲೆ ಉಪ್ಪು ಕಟ್ಟಿ ಕೈಕೊಡುತ್ತದೆ, ಫ್ಲೋಟ್ ಇರುವ ಬಗೆ ತೆಗೆದುಕೊಳ್ಳಿ. ಸಂಪಿನಲ್ಲಿ ನೀರು ಮುಗಿದರೂ ಮೋಟರ್ ನಿಲ್ಲಿಸುವಂಥದ್ದಿರಲಿ.

ಈಗ ನಲ್ಲಿ

ತೊಟ್ಟಿಕ್ಕುವ ನಲ್ಲಿ ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ಸೆಕೆಂಡಿಗೊಂದು ಹನಿ ಎಂದರೂ ದಿನಕ್ಕೆ ಸುಮಾರು 20 ಲೀಟರ್. ಇದನ್ನು ನೀವೇ ಸರಿ ಮಾಡಬಹುದು.

ಮೊದಲು ಆ ಲೈನಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಹರಿದುಹೋಗಲು ಬಿಡಿ. ನೆಲದ ಜಾಲರಿ ಮೇಲೆ ಬಟ್ಟೆ ಹಾಸಿ, ಇಲ್ಲದಿದ್ದರೆ ಸ್ಕ್ರೂ ಸೀದಾ ನಹಾನಿ ಟ್ರ್ಯಾಪಿಗೆ ಹೋಗುತ್ತದೆ. ಹಿಡಿಯ ಮೇಲಿನ ಪುಟ್ಟ ಕ್ಯಾಪನ್ನು ತೆಳ್ಳಗಿನ ಚಾಕುವಿನ ತುದಿಯಿಂದ ಎಬ್ಬಿಸಿ. ಒಳಗೊಂದು ಸ್ಕ್ರೂ ಇರುತ್ತದೆ, ಬಿಚ್ಚಿದರೆ ಹಿಡಿ ಕೈಗೆ ಬರುತ್ತದೆ. ಕೆಳಗೆ ಕಾಣುವ ಹಿತ್ತಾಳೆಯ ಭಾಗವೇ ಸ್ಪಿಂಡಲ್. ಸ್ಪ್ಯಾನರ್ ಹಿಡಿದು ಎಡಕ್ಕೆ ತಿರುಗಿಸಿ, ಮೆಲ್ಲಗೆ ಸಡಿಲವಾಗುತ್ತದೆ. ಹೊರಗೆ ತೆಗೆದ ಮೇಲೆ ಅದು ಕೂತಿದ್ದ ಗುಣಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಮರಳಿನ ಕಾಳೋ ಬಿಳಿ ಉಪ್ಪಿನ ಪೊರೆಯೋ ಇದ್ದೇ ಇರುತ್ತದೆ. ಟೂತ್‌ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ.

ಹಳೆಯ ಕಾಲದ, ಸುತ್ತಿ ಸುತ್ತಿ ಮುಚ್ಚುವ ನಲ್ಲಿಯಾದರೆ ತುದಿಯ ವಾಷರ್ ಮಾತ್ರ ಬದಲಿಸಿದರೆ ಆಯಿತು. ಅರ್ಧ ಅಥವಾ ಕಾಲು ಸುತ್ತಿನದ್ದಾದರೆ ಒಳಗೆ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಬೋರ್ ನೀರಿನ ಮರಳಿಗೆ ಅವು ಗೀರು ಬೀಳುತ್ತವೆ, ಇಡೀ ಸ್ಪಿಂಡಲ್ ಹೊಸದು ಹಾಕಬೇಕು. ಅಂಗಡಿಗೆ ಹಳೆಯದನ್ನು ತೆಗೆದುಕೊಂಡೇ ಹೋಗಿ, ತಲೆಯ ಮೇಲಿನ ಹಲ್ಲುಗಳು ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಹಾಕುವಾಗ ಮೊದಲು ಕೈಯಲ್ಲಿ ತಿರುಗಿಸಿ, ಕೊನೆಗೆ ಸ್ಪ್ಯಾನರಿನಿಂದ ಸ್ವಲ್ಪ ಬಿಗಿ ಮಾಡಿ, ಅಷ್ಟೇ.

ಷವರ್ ಮತ್ತು ನಲ್ಲಿ ಮೂತಿಯ ಜಾಲರಿಯನ್ನು ಬಿಚ್ಚಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ ಉಜ್ಜಿದರೆ ಅರ್ಧಕ್ಕರ್ಧ ಮನೆಗಳ ‘ಪ್ರೆಶರ್ ಇಲ್ಲ’ ಎಂಬ ದೂರು ಅಲ್ಲಿಗೇ ಮುಗಿಯುತ್ತದೆ ಎಂದೇ ನನಗನ್ನಿಸುತ್ತದೆ. ಆ್ಯಸಿಡ್ ಹಾಕಬೇಡಿ, ಹೊಳಪಿನ ಲೇಪ ಎದ್ದುಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಅಪಾರ್ಟ್‌ಮೆಂಟು, ವಾಣಿಜ್ಯ ಕಟ್ಟಡಗಳಿಗೆ ಜಲಮಂಡಳಿ ಕಡ್ಡಾಯ ಮಾಡಿದ, ಗಾಳಿ ಬೆರೆಸಿ ನೀರು ಉಳಿಸುವ ಏರೇಟರ್‌ಗಳಿಗೂ ಈ ಸ್ನಾನ ಬೇಕು.

ಇಷ್ಟಾದ ಮೇಲೂ ನೀರು ಸಣ್ಣಗಿದ್ದರೆ ಲೆಕ್ಕ ನೋಡಿ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಮೇಲಿನ ಮಹಡಿಯ ಷವರಿಗಿಂತ ಟ್ಯಾಂಕ್ ಮೂರು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.3 ಬಾರ್. ಟ್ಯಾಂಕ್ ಸ್ಟ್ಯಾಂಡ್ ಇನ್ನೂ ಮೂರು ಅಡಿ ಎತ್ತರಿಸಿದರೂ ಹೆಚ್ಚುವುದು 0.1 ಬಾರಿಗಿಂತ ಕಡಿಮೆ. ಅಗಲ ತಲೆಯ ದೊಡ್ಡ ಷವರ್ ಬೇಕೇ ಬೇಕು ಎಂದರೆ ಪ್ರೆಶರ್ ಪಂಪ್ ಅನಿವಾರ್ಯ. ಆದರೆ ಹಳೆಯ ತುಕ್ಕು ಹಿಡಿದ ಜಿಐ (ಸತು ಲೇಪಿತ ಕಬ್ಬಿಣ) ಪೈಪಿನ ಮನೆಗೆ ಪಂಪ್ ಹಾಕಿಸಬೇಡಿ, ಸೋತ ಜಾಯಿಂಟುಗಳು ಗೋಡೆಯೊಳಗೇ ಬಿಟ್ಟುಕೊಳ್ಳುತ್ತವೆ. ಮೊದಲು ಪೈಪ್, ಆಮೇಲೆ ಪಂಪ್.

ಗೀಸರ್

ಕರೆಂಟ್ ಗೀಸರಿನ ಸೇಫ್ಟಿ ವಾಲ್ವ್ ನೀರು ಕಾಯುವಾಗ ಒಂದೆರಡು ಹನಿ ಬಿಟ್ಟರೆ ಹೆದರಬೇಡಿ, ಅದು ಇರುವುದೇ ಅದಕ್ಕೆ. ಅದನ್ನು ಎಂದೂ ಮುಚ್ಚಬಾರದು. ಗಡಸು ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಿ ಕಾಯಿಲಿನ ಉಪ್ಪು ತೆಗೆಸಿ, ಆನೋಡ್ ರಾಡ್ ಸವೆದಿದ್ದರೆ ಬದಲಿಸಿ. ಟ್ಯಾಂಕಿಗೆ ಹಿಡಿಯಬೇಕಾದ ತುಕ್ಕನ್ನು ಆ ರಾಡ್ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಗ್ಯಾಸ್ ಗೀಸರ್ ಇದ್ದರೆ ಅದು ಬಾತ್‌ರೂಮಿನ ಹೊರಗೇ ಇರಬೇಕು. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ದುಡ್ಡು ಹಾಕುವುದಾದರೆ ಎಲ್ಲಿಗೆ?

ಕಾವೇರಿಯೂ ಬೋರೂ ಎರಡೂ ಇರುವ ಮನೆಗಳಲ್ಲಿ ಎರಡನ್ನೂ ಒಂದೇ ಸಂಪಿಗೆ ಬಿಡುವುದು ಒಳ್ಳೆಯ ನೀರನ್ನು ಕೆಡಿಸಿದಂತೆ. ಸಂಪನ್ನು ಎರಡು ಭಾಗ ಮಾಡಿ, ಮೇಲೆ ಎರಡು ಟ್ಯಾಂಕ್ ಇಟ್ಟು, ಫ್ಲಶ್, ಅಂಗಳ, ಗಿಡಕ್ಕೆ ಬೋರ್ ನೀರು, ಅಡುಗೆ, ಸ್ನಾನ, ಗೀಸರಿಗೆ ಕಾವೇರಿ ಕೊಡಿ. ನನ್ನನ್ನು ಕೇಳಿದರೆ ಮೊದಲ ಖರ್ಚು ಇದಕ್ಕೇ. ಗಡಸುತನ ಇಳಿಸುವ ಸಾಫ್ಟನರ್, ಕರಗಿದ ಉಪ್ಪು ಸೋಸುವ ಆರ್‌ಒ ಯಂತ್ರ ಎಲ್ಲ ಆಮೇಲೆ. ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಉಪ್ಪು ತೆಗೆಯಲೆಂದು ಆರ್‌ಒ ಬೇಕಿಲ್ಲ, ಅದು ಶುದ್ಧ ಮಾಡುವ ಹೊತ್ತಿಗೆ ಒಂದಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ. ಬರೀ ಬೋರ್ ನೀರಿನ ಮೇಲೇ ಇರುವವರು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಿದ್ದರೆ ಸಾಫ್ಟನರ್ ಯೋಚಿಸಿ. ಅದರ ನೀರು ಗಿಡಕ್ಕೆ ಬೇಡ.

ಎರಡನೆಯದು ಮಳೆನೀರು. 30×40 ಸೈಟಿನ ಪೂರ್ತಿ ಜಾಗದ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು ಒಂದು ಲಕ್ಷ ಲೀಟರ್. ತಾರಸಿ ಅದಕ್ಕಿಂತ ಚಿಕ್ಕದಿದ್ದರೂ ಸಿಗುವುದು ಕಡಿಮೆಯೇನಲ್ಲ. ಪೈಪಿಗೆ ಫಿಲ್ಟರ್ ಹಾಕಿ, ಮೊದಲ ಮಳೆಯ ಕೊಳೆ ನೀರು ಬೇರೆ ಹೋಗುವ ವ್ಯವಸ್ಥೆ ಮಾಡಿ, ಉಳಿದದ್ದನ್ನು ಸಂಪಿಗೋ ಇಂಗುಗುಂಡಿಗೋ ಬಿಡಿ. ಮಳೆನೀರಿನ ಪೈಪನ್ನು ಒಳಚರಂಡಿಗೆ ಮಾತ್ರ ಸೇರಿಸಬೇಡಿ, ಮ್ಯಾನ್‌ಹೋಲ್ ಉಕ್ಕುವುದಕ್ಕೆ ಅದೂ ಒಂದು ಕಾರಣ. ಫಿಲ್ಟರುಗಳನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಒಮ್ಮೆ ಹೋಗಿ ಬನ್ನಿ.

ಬಾತ್‌ರೂಮ್ ಪೂರ್ತಿ ಒಡೆದು ಹೊಸ ಪೈಪ್ ಎಳೆಸುತ್ತಿದ್ದರೆ ಬಿಸಿನೀರಿಗೆ ಸಿಪಿವಿಸಿಯೇ ಇರಲಿ, ತಣ್ಣೀರಿಗೆ ಬಳಸುವ ಯುಪಿವಿಸಿ ಪೈಪು ಶಾಖ ತಡೆಯುವುದಿಲ್ಲ. ಎರಡರ ಅಂಟೂ ಬೇರೆ ಬೇರೆ, ಪ್ಲಂಬರ್ ಒಂದೇ ಡಬ್ಬಿಯಿಂದ ಎರಡಕ್ಕೂ ಹಚ್ಚುತ್ತಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ಪ್ಲಾಸ್ಟರ್ ಮಾಡುವ ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ: ಎಲ್ಲ ಬಾಯಿಗೂ ಎಂಡ್ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ಏರಿಸಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ನೀವೇ ನಿಂತು ನೋಡಬೇಕು. ಆಮೇಲೆ ಗೋಡೆಗೆ ಟೇಪ್ ಹಿಡಿದು, ಪೈಪ್ ಎಲ್ಲೆಲ್ಲಿ ಹೋಗಿದೆ ಎಂಬುದು ಅಳತೆ ಸಮೇತ ಕಾಣುವಂತೆ ಫೋಟೊ ತೆಗೆದಿಟ್ಟುಕೊಂಡು, ಟೈಲ್ಸ್ ಕೆಲಸದವರನ್ನು ಕರೆಯಿರಿ.