ಕೊಬ್ಬಿನ ಗಂಟು: ತಾಲ್ಲೂಕು ಆಸ್ಪತ್ರೆಯ ಸರ್ಜನ್ ಆಗಿ ನನ್ನ ಅನುಭವ

ತಾಲ್ಲೂಕು ಆಸ್ಪತ್ರೆಯ ಸರ್ಜರಿ ಓಪಿಡಿಯಲ್ಲಿ ಕುಳಿತವರಿಗೆ ಹರ್ನಿಯಾ, ಹೈಡ್ರೋಸೀಲ್, ಮೂಲವ್ಯಾಧಿ ಮತ್ತು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣುಗಳಷ್ಟೇ ಪರಿಚಿತವಾದ ಇನ್ನೊಂದು ದೂರೆಂದರೆ ಚರ್ಮದಡಿಯ ಗಂಟು. ‘ನೋವಿಲ್ಲ ಏನಿಲ್ಲ, ಆದರೆ ದೊಡ್ಡದಾಗ್ತಾ ಇದೆ’ ಎಂದು ಅಂಗಿ ಸರಿಸಿ ಬೆನ್ನನ್ನೋ ಭುಜವನ್ನೋ ತೋರಿಸುವವರಲ್ಲಿ ಹೆಚ್ಚಿನವರಿಗೆ ಇರುವುದು ಲಿಪೋಮಾ. ಕೊಬ್ಬಿನ ಜೀವಕೋಶಗಳೇ ಒಂದೆಡೆ ಗುಂಪುಗಟ್ಟಿ, ತೆಳುವಾದ ಪೊರೆಯೊಳಗೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ ಇದು. 40ರಿಂದ 60ರ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುತ್ತದೆ. ದಪ್ಪ ಮೈಯವರಿಗೆ ಮಾತ್ರ ಬರುತ್ತದೆ ಎಂಬ ನಂಬಿಕೆ ಸರಿಯಲ್ಲ. ತೂಕ ಇಳಿಸಿದರೆ ಇದು ಕರಗುವುದೂ ಇಲ್ಲ, ಬದಲಿಗೆ ಸುತ್ತಲಿನ ಕೊಬ್ಬು ಇಳಿದಾಗ ಗಂಟು ಇನ್ನಷ್ಟು ಎದ್ದು ಕಾಣುತ್ತದೆ.

ಈ ಗಂಟನ್ನು ಗುರುತಿಸಲು ಬಹಳಷ್ಟು ಸಲ ಕೈಬೆರಳುಗಳೇ ಸಾಕು. ಮುಟ್ಟಿದರೆ ಮೆತ್ತಗಿರುತ್ತದೆ, ಎಷ್ಟು ಮೆತ್ತಗೆಂದರೆ ಒಳಗೆ ನೀರು ತುಂಬಿದೆಯೇನೋ ಎಂಬ ಭ್ರಮೆ ಹುಟ್ಟಿಸುತ್ತದೆ. ಅಂಚಿನ ಮೇಲೆ ಬೆರಳಿಟ್ಟು ಒತ್ತಿದಾಗ ಆ ಅಂಚು ಬೆರಳಿನಡಿಯಿಂದ ಜಾರಿಕೊಳ್ಳುತ್ತದೆ. ವಿದ್ಯಾರ್ಥಿಗಳಿಗೆ ನಾವು ‘ಸ್ಲಿಪ್ ಸೈನ್’ ಎಂದು ಕಲಿಸುವುದು ಇದನ್ನೇ. ಮೇಲಿನ ಚರ್ಮವನ್ನು ಚಿವುಟಿ ಎತ್ತಲು ಬರಬೇಕು, ಗಂಟನ್ನು ಎರಡೂ ಬದಿಯಿಂದ ಹಿಂಡಿದರೆ ಚರ್ಮದ ಮೇಲೆ ಸಣ್ಣ ಸಣ್ಣ ಕುಳಿಗಳು ಮೂಡಬೇಕು. ಚರ್ಮ ಗಂಟಿಗೆ ಅಂಟಿಕೊಂಡಿದ್ದು, ನಡುವೆ ಒಂದು ಕಪ್ಪು ಚುಕ್ಕೆಯಂಥ ರಂಧ್ರ ಕಂಡರೆ ಅದು ಲಿಪೋಮಾ ಅಲ್ಲ, ಸೆಬೇಶಿಯಸ್ ಸಿಸ್ಟ್ ಎಂದು ನಾವು ರೂಢಿಯಲ್ಲಿ ಕರೆಯುವ ಚೀಲ; ಅದನ್ನು ತೆಗೆಯುವ ಕ್ರಮವೇ ಬೇರೆ. ಕೊನೆಗೆ ಆ ಭಾಗದ ಸ್ನಾಯುವನ್ನು ಬಿಗಿ ಹಿಡಿಯಲು ರೋಗಿಗೆ ಹೇಳುತ್ತೇನೆ. ಬಿಗಿ ಹಿಡಿದಾಗಲೂ ಗಂಟು ಮೊದಲಿನಂತೆಯೇ ಇದ್ದರೆ ಅಥವಾ ಇನ್ನಷ್ಟು ಎದ್ದು ಕಂಡರೆ ಅದು ಸ್ನಾಯುವಿನ ಮೇಲಿದೆ, ಮರೆಯಾದರೆ ಸ್ನಾಯುವಿನ ಒಳಗೋ ಅಡಿಯಲ್ಲೋ ಇದೆ. ಅರೆ ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಆಪರೇಷನ್‌ಗೆ ದಿನ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಮೈನರ್ ಓಟಿಯಲ್ಲಿ, ಅಂದರೆ ಸಣ್ಣ ಆಪರೇಷನ್‌ಗಳ ಕೋಣೆಯಲ್ಲಿ, ಮುಗಿಯುವ ಕೆಲಸ ಯಾವುದು, ಮೇಲಿನ ಆಸ್ಪತ್ರೆಗೆ ಕಳಿಸಬೇಕಾದದ್ದು ಯಾವುದು ಎಂಬುದು ತೀರ್ಮಾನವಾಗುವುದು ಇಲ್ಲೇ.

5 ಸೆಂಟಿಮೀಟರ್‌ಗಿಂತ ದೊಡ್ಡದಾದ, ಸ್ನಾಯುವಿನ ಆಳದಲ್ಲಿರುವ, ಕೆಲವೇ ತಿಂಗಳಲ್ಲಿ ಬೇಗ ಬೆಳೆದ, ನೋಯುವ, ಗಟ್ಟಿಯಾಗಿರುವ ಅಥವಾ ಒಮ್ಮೆ ತೆಗೆದ ಜಾಗದಲ್ಲೇ ಮತ್ತೆ ಬಂದ ಗಂಟಿಗೆ ನಾನು ನೇರವಾಗಿ ಚಾಕು ಹಾಕುವುದಿಲ್ಲ. ಅಂಥವರಿಗೆ ಮೊದಲು ಸ್ಕ್ಯಾನಿಂಗ್ ಆಗಬೇಕು, ಅನುಮಾನ ಉಳಿದರೆ ಎಂಆರ್‌ಐ, ಬೇಕಾದರೆ ಸೂಜಿ ಬಯಾಪ್ಸಿ. ತೊಡೆಯ ಆಳದಲ್ಲಿ ಬೆಳೆಯುವ ಲಿಪೊಸಾರ್ಕೋಮಾ ಎಂಬ ಕ್ಯಾನ್ಸರ್ ಕೆಲವೊಮ್ಮೆ ಸಾದಾ ಕೊಬ್ಬಿನ ಗಂಟಿನ ವೇಷದಲ್ಲೇ ಬರುತ್ತದೆ. ಸಾಧಾರಣ ಲಿಪೋಮಾ ಮುಂದೆ ಕ್ಯಾನ್ಸರ್ ಆಗಿ ತಿರುಗುತ್ತದೆ ಎಂದು ಹೆದರಬೇಕಿಲ್ಲ, ಆ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲಿನಿಂದಲೇ ಕ್ಯಾನ್ಸರ್ ಆಗಿ ಹುಟ್ಟಿರುತ್ತದೆ. ಆದರೆ ಅದನ್ನು ಲಿಪೋಮಾ ಎಂದುಕೊಂಡು ಅರ್ಧಂಬರ್ಧ ಕಿತ್ತರೆ ಮುಂದಿನ ಸರ್ಜನ್ನರ ಕೆಲಸ ಬಹಳ ಕಷ್ಟವಾಗುತ್ತದೆ. ಮಕ್ಕಳ ಸೊಂಟದ ನಡುಭಾಗದಲ್ಲಿ, ಬೆನ್ನುಮೂಳೆಯ ನೇರಕ್ಕೆ ಇರುವ ಮೆತ್ತನೆಯ ಗಂಟಂತೂ ಬೆನ್ನುಹುರಿಯವರೆಗೂ ಹೋಗಿರಬಹುದಾದ್ದರಿಂದ ಅದನ್ನು ನರಶಸ್ತ್ರತಜ್ಞರೇ ನೋಡಬೇಕು.

ನಮ್ಮಲ್ಲಿಗೆ ಬರುವ ಮೊದಲು ಅನೇಕರು ಗಂಟಿಗೆ ಸುಣ್ಣ-ಬೆಲ್ಲ ಹಚ್ಚಿರುತ್ತಾರೆ, ಕೆಲವರು ಗೇರುಬೀಜದ ಎಣ್ಣೆ ಹಾಕಿಸಿರುತ್ತಾರೆ, ವಯಸ್ಸಾದ ಒಬ್ಬಿಬ್ಬರು ಬರೆಯನ್ನೂ ಹಾಕಿಸಿಕೊಂಡಿರುತ್ತಾರೆ. ಇವುಗಳಿಂದ ಚರ್ಮ ಸುಟ್ಟು ಕಲೆಯಾಗಿ ಅಡಿಯ ಪೊರೆಗೆ ಅಂಟಿಕೊಳ್ಳುವುದರಿಂದ, ಸಲೀಸಾಗಿ ಬಿಡಿಸಬಹುದಾಗಿದ್ದ ಗಂಟು ಬಿಡಿಸಲು ಬಾರದ್ದಾಗುತ್ತದೆ. ಬೈದು ಪ್ರಯೋಜನವಿಲ್ಲ; ಏನು ಹಚ್ಚಿದ್ದೀರಿ ಎಂದು ಮೆಲ್ಲಗೆ ಕೇಳಿದರೆ ಹೇಳುತ್ತಾರೆ.

ತೆಗೆಯಲೇಬೇಕಾದವು ಕಡಿಮೆ. ನೋವು ಕೊಡುವುದು, ಕೆಲಸಕ್ಕೆ ಅಡ್ಡಿಯಾಗುವುದು, ಬೆಳೆಯುತ್ತಲೇ ಹೋಗುವುದು, ನೋಡಲು ಮುಜುಗರವಾಗುವುದು ಇವಿಷ್ಟೇ ನನ್ನ ಕಾರಣಗಳು. ಉಳಿದವರಿಗೆ ‘ಇದನ್ನು ಹಾಗೇ ಬಿಡಬಹುದು’ ಎಂದು ಹೇಳಿ ಕಳಿಸಲು ಹಿಂಜರಿಯುವುದಿಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರೊಬ್ಬರ ಬಲಭುಜದ ಹಿಂಬದಿಯಲ್ಲಿ ನಿಂಬೆಗಾತ್ರದ ಗಂಟಿತ್ತು. ‘ಸರ್, ಚೀಲ ಕೂತ ಕೂಡ್ಲೆ ಕೈಯೆಲ್ಲಾ ಜೋಮು ಹಿಡಿದಂಗಾಗುತ್ತೆ, ಈ ಕಡೆ ಹೆಗಲಿಗೆ ಹೊರೋಕೇ ಆಗಲ್ಲ’ ಎಂದರು. ಅಂಥವರಿಗೆ ತೆಗೆಯಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ. ಚೀಲ ಹೊರದೆ ಇರಬೇಕಾದ ವಾರಗಳನ್ನು ಅವರು ಯಾವಾಗ ಬಿಡುವು ಮಾಡಿಕೊಳ್ಳಬಲ್ಲರು ಎಂಬುದಷ್ಟೇ ಪ್ರಶ್ನೆ, ಹಾಗಾಗಿ ಆವಕ ಇಳಿದ ಮೇಲೆ ಬರಲು ಹೇಳಿದೆ.

ಆಪರೇಷನ್ ದಿನ ಸಕ್ಕರೆ ಮತ್ತು ಬಿಪಿ ನೋಡಿ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಹಿಂದೆ ಹಲ್ಲು ಕೀಳಿಸುವಾಗ ಮರಗಟ್ಟಿಸುವ ಇಂಜೆಕ್ಷನ್‌ನಿಂದ ಏನಾದರೂ ತೊಂದರೆ ಆಗಿತ್ತೇ ಎಂದು ಕೇಳುತ್ತೇನೆ. ಅನಂತರದ ಮುಖ್ಯ ಕೆಲಸ ಗುರುತು ಹಾಕುವುದು. ಇಂಜೆಕ್ಷನ್ ಕೊಟ್ಟೊಡನೆ ಔಷಧಿಯಿಂದ ಜಾಗವೆಲ್ಲ ಉಬ್ಬಿ ಗಂಟಿನ ಅಂಚು ಕೈಗೆ ಸಿಗದಂತಾಗುತ್ತದೆ. ಅದಕ್ಕಾಗಿ ರೋಗಿಯನ್ನು ಕೂರಿಸಿಯೇ ಗಂಟಿನ ಸುತ್ತಳತೆಯನ್ನೂ ಗಾಯದ ಗೆರೆಯನ್ನೂ ಮಾರ್ಕರ್ ಪೆನ್ನಿನಿಂದ ಬರೆದುಬಿಡುತ್ತೇನೆ. ಗೆರೆ ಚರ್ಮದ ಸಹಜ ನೆರಿಗೆಗಳ ದಿಕ್ಕಿನಲ್ಲಿರಬೇಕು. ಅದಕ್ಕೆ ಅಡ್ಡವಾಗಿ ಕೊಯ್ದರೆ ಕಲೆ ಅಗಲವಾಗುತ್ತದೆ. ಅಡ್ರಿನಾಲಿನ್ ಬೆರೆತ 2% ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧಿಗೆ ಸಮಪಾಲು ಸಲೈನ್ ಸೇರಿಸಿ 1% ಮಾಡಿಕೊಂಡು, ಗಂಟಿನೊಳಕ್ಕೆ ಚುಚ್ಚದೆ, ಅದರ ಸುತ್ತ ಮತ್ತು ಅಡಿಯಲ್ಲಿ ಹರಡುವಂತೆ ಕೊಡುತ್ತೇನೆ. ಅಡ್ರಿನಾಲಿನ್ ಇದ್ದರೆ ಒಂದು ಕಿಲೋ ತೂಕಕ್ಕೆ 7 ಮಿಲಿಗ್ರಾಂ, ಇಲ್ಲದಿದ್ದರೆ 3 ಮಿಲಿಗ್ರಾಂ ಎಂಬುದು ನಾನು ಪಾಲಿಸುವ ಮಿತಿ. 60 ಕಿಲೋ ಮನುಷ್ಯನಿಗೆ ಮೊದಲನೆಯ ಲೆಕ್ಕದಲ್ಲಿ 1% ದ್ರಾವಣದ 42 ಮಿಲಿಲೀಟರ್ ಆಗುತ್ತದಾದರೂ ಅದರ ಅರ್ಧದೊಳಗೇ ಕೆಲಸ ಮುಗಿಯುತ್ತದೆ. ಕೊಟ್ಟ ಮೇಲೆ ಏಳೆಂಟು ನಿಮಿಷ ಕಾಯಲೇಬೇಕು. ಆಗಲೇ ಅಡ್ರಿನಾಲಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಒಣದಾಗಿಡುತ್ತದೆ. ಓಟಿ ಸಿಸ್ಟರ್‌ಗೆ ಮುಂದಿನ ಕೇಸಿನ ಅವಸರವಿದ್ದರೂ ಈ ನಿಮಿಷಗಳನ್ನು ನಾನು ಬಿಟ್ಟುಕೊಡುವುದಿಲ್ಲ.

ಗಾಯವನ್ನು ಗಂಟಿನ ಉದ್ದದ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಚಿಕ್ಕದಾಗಿ ಇಟ್ಟರೆ ಸಾಕಾಗುತ್ತದೆ, ಏಕೆಂದರೆ ಲಿಪೋಮಾ ಮೆತ್ತಗಿದ್ದು ಸಣ್ಣ ಬಾಯಿಯಿಂದಲೂ ನುಸುಳಿ ಬರುತ್ತದೆ. ಚರ್ಮ ಕೊಯ್ದ ಕೂಡಲೇ ಕಾಣುವುದು ಮಾಮೂಲಿ ಕೊಬ್ಬು. ಹೊಸಬರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ, ಎರಡೂ ಹಳದಿಯೇ. ಆದರೆ ಲಿಪೋಮಾದ ಹೋಳುಗಳು ದೊಡ್ಡವು, ಸುತ್ತಲಿನ ಕೊಬ್ಬಿನ ಕಾಳುಗಳು ಸಣ್ಣವು, ಮತ್ತು ಗಂಟಿನ ಮೇಲೆ ಹೊಳೆಯುವ ತೆಳು ಪೊರೆ ಇರುತ್ತದೆ. ಆ ಪೊರೆ ಸಿಗುವವರೆಗೆ ಸಾವಕಾಶವಾಗಿ ಇಳಿಯಬೇಕು. ಸಿಕ್ಕ ಮೇಲೆ ಅದನ್ನು ಬಿಟ್ಟು ಆಚೆ ಈಚೆ ಹೋಗಬಾರದು. ಬಾಗಿದ ಆರ್ಟರಿ ಫೋರ್ಸೆಪ್ಸ್‌ನ ಮುಚ್ಚಿದ ತುದಿಯನ್ನು ಪೊರೆಯ ಮೈಗುಂಟ ತೂರಿಸಿ, ಒಳಗೆ ಬಾಯಿ ತೆರೆದು, ತೆರೆದಂತೆಯೇ ಹೊರಗೆಳೆಯುತ್ತ ಸುತ್ತಲೂ ಬಿಡಿಸುತ್ತೇನೆ. ಸ್ವಲ್ಪ ಜಾಗವಾದ ಮೇಲೆ ಕಿರುಬೆರಳನ್ನು ಒಳಗಿಟ್ಟು ಸುತ್ತಿಸಿದರೆ ಇನ್ನೂ ಹಿಡಿದಿರುವ ಎಳೆಗಳು ದಾರದಂತೆ ಬೆರಳಿಗೆ ತಾಗುತ್ತವೆ, ಅವನ್ನು ಒಂದೊಂದಾಗಿ ಕಂಡು ಕತ್ತರಿಸಬಹುದು. ಅನಂತರ ಎರಡೂ ಕೈಯ ಹೆಬ್ಬೆರಳುಗಳಿಂದ ಬದಿಯನ್ನು ಒತ್ತಿದಾಗ ಹಲಸಿನ ತೊಳೆಯಂತೆ ಹಳದಿ ಗಡ್ಡೆ ಮೆಲ್ಲನೆ ಮೇಲಕ್ಕೆದ್ದು ಹೊರಬರುತ್ತದೆ. ಆ ಖುಷಿಯಲ್ಲಿ ಎಳೆದುಬಿಡಬಾರದು: ತಳದಲ್ಲಿ ಅದಕ್ಕೆ ರಕ್ತ ಕೊಡುವ ನಾಳವೊಂದು ಸಾಮಾನ್ಯವಾಗಿ ಇರುತ್ತದೆ, ಅದನ್ನು ಹಿಡಿದು ಕಟ್ಟಿ ಅಥವಾ ಕಾಟರಿಯಿಂದ ಸುಟ್ಟೇ ಕತ್ತರಿಸಬೇಕು, ಇಲ್ಲವಾದರೆ ಅದು ಒಳಕ್ಕೆ ಸರಿದು ಸಂಜೆಯ ಹೊತ್ತಿಗೆ ಗಾಯದೊಳಗೆ ರಕ್ತ ತುಂಬುತ್ತದೆ.

ಹೊರಬಂದ ಗಡ್ಡೆಯ ಮೈ ಸುತ್ತಲೂ ನುಣ್ಣಗಿದೆಯೇ ಎಂದು ತಿರುಗಿಸಿ ನೋಡುತ್ತೇನೆ. ಒಂದೆಡೆ ಹರಿದಂತಿದ್ದರೆ ಒಳಗೊಂದು ಹೋಳು ಉಳಿದಿದೆ ಎಂದರ್ಥ, ಮತ್ತೆ ಬೆರಳಾಡಿಸಿ ಹುಡುಕಲೇಬೇಕು. ಪೂರ್ತಿ ತೆಗೆದ ಜಾಗದಲ್ಲಿ ಲಿಪೋಮಾ ಮರುಕಳಿಸುವುದು ಅಪರೂಪ, ಮರುಕಳಿಸಿದವುಗಳ ಹಿಂದೆ ಹೆಚ್ಚಾಗಿ ಇಂಥ ಉಳಿಕೆಯೇ ಇರುತ್ತದೆ.

ಗಂಟು ಹೋದ ಜಾಗ ಖಾಲಿ ಚೀಲವಾಗಿ ಉಳಿದರೆ ಅದರಲ್ಲಿ ತಿಳಿನೀರು ಸೇರಿಕೊಳ್ಳುತ್ತದೆ. ಅದಕ್ಕಾಗಿ ಕರಗುವ 3-0 ಅಳತೆಯ ದಾರದಿಂದ ತಳದ ಅಂಗಾಂಶವನ್ನು ಒಂದಕ್ಕೊಂದು ಕೂಡಿಸಿ, ಮೇಲೆ ನೈಲಾನ್ ಹೊಲಿಗೆ ಹಾಕಿ, ದಪ್ಪ ಗಾಜ್ ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟಿಸುತ್ತೇನೆ. ಪಟ್ಟಿಯನ್ನು ಎರಡು ದಿನ ಬಿಚ್ಚಬಾರದು. ಮುಖದ ಹೊಲಿಗೆಯನ್ನು 5ರಿಂದ 7 ದಿನಕ್ಕೆ, ಬೆನ್ನಿನ ಹೊಲಿಗೆಯನ್ನು 10ರಿಂದ 14 ದಿನಕ್ಕೆ ಬಿಚ್ಚುತ್ತೇವೆ. ಹಮಾಲರಂಥವರು ಹೊಲಿಗೆ ಬಿಚ್ಚಿದ ಮರುದಿನವೇ ಚೀಲಕ್ಕೆ ಹೆಗಲು ಕೊಡುವುದುಂಟು, ಆದ್ದರಿಂದ ಇನ್ನೂ ಎರಡು ವಾರ ಆ ಕಡೆ ಭಾರ ಬೇಡವೆಂದು ಜೊತೆಗೆ ಬಂದ ಮನೆಯವರ ಎದುರಿನಲ್ಲೇ ಹೇಳುತ್ತೇನೆ. ಆ ಹಮಾಲರ ಮನೆಯಾಕೆ ‘ನೀವು ಬರೆದು ಕೊಡ್ರಿ ಸರ್, ನನ್ ಮಾತು ಇವ್ರು ಎಲ್ಲಿ ಕೇಳ್ತಾರೆ’ ಎಂದದ್ದರಿಂದ ಚೀಟಿಯಲ್ಲೂ ಬರೆದುಕೊಟ್ಟೆ.

ಎಲ್ಲ ಜಾಗವೂ ಬೆನ್ನಿನಷ್ಟು ಸುಲಭವಲ್ಲ. ಕತ್ತಿನ ಹಿಂಬದಿಯ ಗಂಟಿನಲ್ಲಿ ನಾರು ಹೆಚ್ಚಿದ್ದು ಪೊರೆ ಸ್ಪಷ್ಟವಾಗಿ ಬಿಡಿಸಿಕೊಳ್ಳುವುದಿಲ್ಲ, ಹಿಂಡಿದರೆ ಬರುವುದಿಲ್ಲ, ಚಾಕುವಿನಿಂದಲೇ ಕೊಯ್ದು ತೆಗೆಯಬೇಕು, ರಕ್ತವೂ ಹೆಚ್ಚು. ಹಣೆಯ ಗಂಟು ಬಹಳ ಸಲ ಸ್ನಾಯುವಿನ ಅಡಿಯಲ್ಲಿರುತ್ತದೆ. ಚರ್ಮ ಕೊಯ್ದು ಅಲ್ಲಿ ಏನೂ ಕಾಣದೆ ಹೋದರೆ ಗಾಬರಿಯಾಗದೆ ಸ್ನಾಯುವಿನ ಎಳೆಗಳನ್ನು ಅವುಗಳ ದಿಕ್ಕಿನಲ್ಲೇ ಬಿಡಿಸಿದರೆ ಗಂಟು ಮೂಳೆಯ ಮೇಲೆ ಕೂತಿರುತ್ತದೆ.

ತೆಗೆದದ್ದನ್ನು ಫಾರ್ಮಲಿನ್ ಡಬ್ಬಿಗೆ ಹಾಕಿದರೆ ತೇಲುತ್ತದೆ. ಕಣ್ಣಿಗೆ ಎಷ್ಟೇ ನಿಚ್ಚಳವಾಗಿ ಲಿಪೋಮಾದಂತೆ ಕಂಡರೂ ನಾನು ಅದನ್ನು ಪೆಥಾಲಜಿಗೆ ಕಳಿಸುತ್ತೇನೆ. ‘ಇಷ್ಟಕ್ಕೆ ಯಾಕೆ ಬಯಾಪ್ಸಿ, ಕ್ಯಾನ್ಸರಾ?’ ಎಂದು ಹೆದರುವವರಿಗೆ, ತೆಗೆದ ಎಲ್ಲವನ್ನೂ ಕಳಿಸುವುದು ನಮ್ಮ ಪದ್ಧತಿ ಎಂದು ಮೊದಲೇ ಹೇಳಿಬಿಟ್ಟರೆ ಆತಂಕ ಕಡಿಮೆ.

ಕತ್ತರಿಯಿಲ್ಲದೆ ಕರಗಿಸುವ ಇಂಜೆಕ್ಷನ್ ಬಗ್ಗೆ ಮೊಬೈಲಿನಲ್ಲಿ ನೋಡಿ ಕೇಳುವವರು ಈಗ ಹೆಚ್ಚಾಗಿದ್ದಾರೆ. ಗದ್ದದ ಕೆಳಗಿನ ಕೊಬ್ಬಿಗೆಂದು ಅಮೆರಿಕದಲ್ಲಿ 2015ರಲ್ಲಿ ಅನುಮತಿ ಪಡೆದ ಡಿಯಾಕ್ಸಿಕೋಲಿಕ್ ಆಮ್ಲವನ್ನು ಕೆಲವರು ಲಿಪೋಮಾಕ್ಕೂ ಬಳಸುತ್ತಾರೆ, ಲೈಪೊಸಕ್ಷನ್ ಕೂಡ ಮಾಡುವುದುಂಟು. ಇವೆರಡರಲ್ಲೂ ಪೊರೆ ಒಳಗೇ ಉಳಿಯುತ್ತದೆ, ಇಂಜೆಕ್ಷನ್‌ನಲ್ಲಂತೂ ಪೆಥಾಲಜಿಗೆ ಕಳಿಸಲು ಏನೂ ಸಿಗುವುದಿಲ್ಲ. ಹಾಗಾಗಿ ನಾನು ಎರಡನ್ನೂ ಸಲಹೆ ಮಾಡುವುದಿಲ್ಲ.

ಮೈತುಂಬ ಗಂಟುಗಳಿರುವವರದ್ದು ಬೇರೆಯೇ ಲೆಕ್ಕ. ‘ನಮ್ಮಪ್ಪನಿಗೂ ಹಿಂಗೇ ಇತ್ತು ಸರ್’ ಎಂದು ಎರಡೂ ಮುಂಗೈ ಚಾಚುವವರಿಗೆ ಇರುವುದು ವಂಶಪಾರಂಪರ್ಯದ ಬಗೆ. ಎಲ್ಲವನ್ನೂ ತೆಗೆಯಲು ಹೋದರೆ ಗಂಟಿಗಿಂತ ಕಲೆಗಳೇ ಹೆಚ್ಚಾಗುತ್ತವೆ. ಅವರ ಕೈಗೇ ಪೆನ್ನು ಕೊಟ್ಟು, ನೋಯುವುದನ್ನು ಮಾತ್ರ ಗುರುತು ಹಾಕಿ ಎನ್ನುತ್ತೇನೆ, ಹಾಗೆ ಗುರುತಾದವು ಬಹುಪಾಲು ಮೂರ್ನಾಲ್ಕಕ್ಕಿಂತ ಹೆಚ್ಚಿರುವುದಿಲ್ಲ. ಅವನ್ನು ತೆಗೆದು, ಉಳಿದವುಗಳಲ್ಲಿ ದೊಡ್ಡದರ ಅಳತೆಯನ್ನು ಓಪಿಡಿ ಚೀಟಿಯಲ್ಲಿ ಬರೆದು, ವರ್ಷದೊಳಗೆ ಅದು ಬೆಳೆದರೆ ಅಥವಾ ಗಟ್ಟಿಯಾದರೆ ಅದೇ ಚೀಟಿ ಹಿಡಿದು ಬರಲು ಹೇಳುತ್ತೇನೆ.