ಮುಳ್ಳುಗಳ ನಡುವೆ ಮಿಗ್-21: ಸಿಮ್ಯುಲೇಟರ್‌ನಲ್ಲಿ ನಾನು ಕಲಿತ ಬಗೆ

ಡಿಸಿಎಸ್ ವರ್ಲ್ಡ್ ಎಂಬ ಕಂಪ್ಯೂಟರ್ ವಿಮಾನ ಸಿಮ್ಯುಲೇಟರ್‌ನಲ್ಲಿ ಅಮೆರಿಕದ ಎಫ್/ಎ-18 ಯುದ್ಧವಿಮಾನ ಹಾರಿಸಿ ಕೈ ಪಳಗಿದ ಮೇಲೆ ನಾನು ಹಳೆಯ ಸೋವಿಯತ್ ಜೆಟ್ ಮಿಗ್-21ಬಿಸ್ ಕಡೆ ಹೊರಳಿದೆ. ಹೊಸ ವಿಮಾನಗಳ ಹಡ್‌ನಲ್ಲಿ (ಪೈಲಟ್‌ನ ಕಣ್ಣೆದುರಿನ ಗಾಜಿನ ಮೇಲೆ ಮಾಹಿತಿ ಮೂಡಿಸುವ ಪರದೆ) ಒಂದು ಪುಟ್ಟ ವೃತ್ತ ಇರುತ್ತದಲ್ಲ, ವಿಮಾನ ನಿಜಕ್ಕೂ ಎತ್ತ ಸಾಗುತ್ತಿದೆ ಎಂದು ತೋರಿಸುವಂಥದ್ದು? ಅದನ್ನು ರನ್‌ವೇ ತುದಿಯ ಮೇಲೆ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು. ಮಿಗ್‌ನಲ್ಲಿ ಆ ವೃತ್ತ ಇಲ್ಲ. ವೇಗ, ಎತ್ತರ, ಮೂತಿಯ ಕೋನ, ಏರಿಳಿತದ ದರ, ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆ ಮಾಡುವ ಕೋನ) ಇವೆಲ್ಲ ಬೇರೆ ಬೇರೆ ಮೀಟರ್‌ಗಳಲ್ಲಿ ಚದುರಿ ಕೂತಿರುತ್ತವೆ. ಅವನ್ನೆಲ್ಲ ಸೇರಿಸಿ ಆ ವೃತ್ತವನ್ನು ನಾವೇ ತಲೆಯೊಳಗೆ ಬರೆದುಕೊಳ್ಳಬೇಕು. ನನ್ನ ಪ್ರಕಾರ ಹಳೆಯ ಜೆಟ್ ಕಲಿಯುವುದೆಂದರೆ ಮುಖ್ಯವಾಗಿ ಇದೇ. ಸ್ವಿಚ್‌ಗಳ ಕ್ರಮ ಬಾಯಿಪಾಠ ಮಾಡುವುದು ದೊಡ್ಡ ವಿಷಯವೇನಲ್ಲ.

ಹಾಗಾಗಿ ರಾಡಾರ್, ಕ್ಷಿಪಣಿಗಳ ತಂಟೆಗೇ ಹೋಗದೆ ಬರೀ ಹಾರಿಸಿದೆ. ಎಂಜಿನ್ ಆರ್‌ಪಿಎಂ ಇಂತಿಷ್ಟು ಶೇಕಡಾ, ಮೂತಿ ಇಂತಿಷ್ಟು ಮೇಲೆ ಎಂದು ಹಿಡಿದು, ಕೈ ಅಲ್ಲಾಡಿಸದೆ ಕಾದು, ವೇಗದ ಮುಳ್ಳು ಎಲ್ಲಿ ಬಂದು ನಿಲ್ಲುತ್ತದೆ ಎಂದು ಕಾಗದದಲ್ಲಿ ಬರೆದುಕೊಂಡೆ. ಚಕ್ರ ಇಳಿಸಿ ಮತ್ತೆ ಅದೇ, ರೆಕ್ಕೆಯ ಹಿಂದಂಚಿನ ಫ್ಲ್ಯಾಪ್ ಇಳಿಸಿ ಮತ್ತೆ ಅದೇ. ಬೇಸರದ ಕೆಲಸ ನಿಜ, ಆದರೆ ಯಾವ ವಿಡಿಯೊ ಪಾಠಕ್ಕಿಂತಲೂ ಆ ಕಾಗದ ನನಗೆ ಹೆಚ್ಚು ಕಲಿಸಿತು. ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿಕೆ) ಎಲ್ಲಿದ್ದರೆ ಯಾವ ವೇಗ ಎಂಬುದು ಮೊದಲೇ ಗೊತ್ತಿದ್ದರೆ ಮೀಟರ್ ನೋಡುವುದು ಬರೀ ಖಾತ್ರಿಗೆ.

ಮೀಟರ್ ನೋಡುವ ರೀತಿಯೂ ಬದಲಾಗಬೇಕು. ಗೋಡೆ ಗಡಿಯಾರದಲ್ಲಿ ಹೊತ್ತು ತಿಳಿಯಲು ಯಾರೂ ಅಂಕಿ ಓದುವುದಿಲ್ಲ, ಮುಳ್ಳುಗಳ ಓರೆ ನೋಡಿದರೆ ಸಾಕು. ಇಲ್ಲೂ ಹಾಗೆಯೇ. ಮುಳ್ಳು ಎತ್ತ ವಾಲಿದೆ, ನಿಂತಿದೆಯೋ ಸರಿಯುತ್ತಿದೆಯೋ, ಸರಿಯುತ್ತಿದ್ದರೆ ಎಷ್ಟು ಬಿರುಸಾಗಿ, ಇಷ್ಟು ತಿಳಿದರೆ ಆಯಿತು. ಮಿಗ್‌ನ ಮೀಟರ್ ತೋರಿಸುವ ಗಂಟೆಗೆ ಕಿಲೋಮೀಟರ್ ಲೆಕ್ಕವನ್ನು ಎಫ್/ಎ-18ರಲ್ಲಿ ರೂಢಿಯಾದ ನಾಟ್‌ಗೆ (ಗಂಟೆಗೆ ನಾಟಿಕಲ್ ಮೈಲಿ) ಬದಲಿಸಿಕೊಳ್ಳುವ ಗೋಜಿಗೆ ನಾನು ಹೋಗಲೇ ಇಲ್ಲ. ಸಿಮ್ ನಿಲ್ಲಿಸಿ, ಕಣ್ಣು ಮುಚ್ಚಿ, ಈಗ ಯಾವ ಮುಳ್ಳು ಎಲ್ಲಿತ್ತು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಒಳ್ಳೆಯ ಅಭ್ಯಾಸ ಅದು.

ಎಲ್ಲ ಮುಳ್ಳುಗಳೂ ಒಂದೇ ಚುರುಕಿನವಲ್ಲ. ಏರಿಳಿತದ ಮೀಟರ್ ಯಾವಾಗಲೂ ಸ್ವಲ್ಪ ಹಿಂದೆ. ಅದರೊಳಗಿನ ಗಾಳಿ ಸಣ್ಣ ಕಿಂಡಿಯಿಂದ ಸೋರಿ ಹೊರಗಿನ ಒತ್ತಡಕ್ಕೆ ಸಮವಾಗಲು ಹೊತ್ತು ಹಿಡಿಯುತ್ತದೆ. ಅದರ ಬೆನ್ನು ಹತ್ತಿ ಸ್ಟಿಕ್ ಎಳೆದರೆ ವಿಮಾನ ಮೇಲೆ ಕೆಳಗೆ ತೂಗಾಡುತ್ತದೆ. ಮೊದಲು ಮೂತಿಯ ಕೋನ ಹಿಡಿಯಬೇಕು, ಆಮೇಲೆ ಮುಳ್ಳು ತಾನಾಗಿ ಬಂದು ಸೇರುತ್ತದೆ. ಇಂಧನದ ಮೀಟರ್‌ದು ಇನ್ನೊಂದು ತರಹ. ಅದು ಟ್ಯಾಂಕ್ ಅಳೆಯುವುದಿಲ್ಲ. ಹೊರಡುವ ಮುನ್ನ ಎಷ್ಟು ತುಂಬಿಸಿದ್ದೀರಿ ಎಂದು ನೀವೇ ಗುಬಟು ತಿರುಗಿಸಿ ಹೇಳಬೇಕು, ಅದು ಅಲ್ಲಿಂದ ಕಳೆಯುತ್ತ ಹೋಗುತ್ತದೆ. ನೀವು ಸುಳ್ಳು ಹೇಳಿದರೆ ಅದೂ ಸುಳ್ಳೇ ಹೇಳುತ್ತದೆ.

ಮನೆಯ ಕುರ್ಚಿಯಲ್ಲಿ ಕೂತವನಿಗೆ ಜಿ ಬಲದ ಭಾರ ಗೊತ್ತಾಗುವುದಿಲ್ಲ, ರೆಕ್ಕೆಯ ನಡುಕ ಬೆನ್ನಿಗೆ ತಾಗುವುದಿಲ್ಲ. ಹಾಗಾಗಿ ತಿರುವಿನಲ್ಲಿ ನನ್ನ ಕಣ್ಣು ಆಂಗಲ್ ಆಫ್ ಅಟ್ಯಾಕ್ ಮೀಟರ್ ಮೇಲೆ. ಮಿಗ್‌ನ ತ್ರಿಕೋನಾಕಾರದ ಡೆಲ್ಟಾ ರೆಕ್ಕೆ ಥಟ್ಟನೆ ಕೈಬಿಡುವುದಿಲ್ಲ, ಆದರೆ ಕೋನ ಏರಿದಂತೆ ಎಳೆತ ಹೆಚ್ಚಿ ವೇಗ ಕರಗುತ್ತದೆ. ಹೆಚ್ಚುವರಿ ಇಂಧನ ಸುಟ್ಟು ಶಕ್ತಿ ಕೊಡುವ ಆಫ್ಟರ್‌ಬರ್ನರ್ ಹಾಕಿದರೂ ಅದನ್ನು ಮರಳಿ ಪಡೆಯಲು ಸಮಯ ಬೇಕು. ವಿಮಾನ ಹತೋಟಿ ತಪ್ಪಿ ಗಿರಗಿರನೆ ಸುತ್ತತೊಡಗಿದರೆ ಪ್ಯಾನೆಲ್ ನಡುವಿನ ಬಿಳಿ ಪಟ್ಟಿ ನೋಡಿ ಸ್ಟಿಕ್ ಅನ್ನು ಅದರ ನೇರಕ್ಕೆ ತರಬೇಕು. ಅದು ಅಲಂಕಾರಕ್ಕೆ ಬಳಿದದ್ದಲ್ಲ.

ಇಳಿಯುವುದು ಮಾತ್ರ ಬೇರೆಯೇ ಪಾಠ. ಸೋವಿಯತ್ ಪದ್ಧತಿಯಲ್ಲಿ ರನ್‌ವೇಗೆ 4 ಕಿ.ಮೀ. ದೂರದಲ್ಲಿ ಒಂದು ರೇಡಿಯೊ ಬೀಕನ್, 1 ಕಿ.ಮೀ. ದೂರದಲ್ಲಿ ಇನ್ನೊಂದು. ಮೊದಲನೆಯದರ ಮೇಲೆ ಹಾದು ಕಾಕ್‌ಪಿಟ್‌ನಲ್ಲಿ ಗಂಟೆ ಬಾರಿಸಿದಾಗ ಎತ್ತರ 200 ಮೀಟರ್, ಎರಡನೆಯದರ ಮೇಲೆ 60 ಮೀಟರ್ ಇದ್ದರೆ ಇಳಿಜಾರು ಸರಿ ಇದೆ ಎಂದರ್ಥ. ಇದಕ್ಕೆ ಎತ್ತರದ ಮೀಟರ್ ಆ ನಿಲ್ದಾಣದ ನೆಲಕ್ಕೆ ಸೊನ್ನೆ ತೋರಿಸುವಂತೆ ಹೊಂದಿಸಿರಬೇಕು. ಆ ಹೊತ್ತಿಗೆ ಥ್ರಾಟಲ್ ಪೂರ್ತಿ ಎಳೆಯಬಾರದು. ಎಂಜಿನ್‌ನಿಂದ ತೆಗೆದ ಗಾಳಿಯನ್ನು ಫ್ಲ್ಯಾಪ್ ಮೇಲೆ ಊದುವ ವ್ಯವಸ್ಥೆಯೊಂದಿದೆ, ಎಸ್‌ಪಿಎಸ್ ಎನ್ನುತ್ತಾರೆ. ಆರ್‌ಪಿಎಂ ಬಿದ್ದರೆ ಆ ಊದುವಿಕೆ ಕುಗ್ಗಿ, ರೆಕ್ಕೆಯ ಎತ್ತುವ ಬಲವೂ ಕುಸಿಯುತ್ತದೆ. ಎಂಜಿನ್ ಮತ್ತೆ ಚೇತರಿಸಿಕೊಳ್ಳುವುದೋ ನಿಧಾನ. ಚಕ್ರ ನೆಲ ಮುಟ್ಟುವತನಕ ಸ್ವಲ್ಪ ಶಕ್ತಿ ಇಟ್ಟುಕೊಂಡೇ ಬರಬೇಕು.

ನೆಲದ ಮೇಲೆ ಬ್ರೇಕ್‌ಗೆ ಸ್ಟಿಕ್ ಮೇಲಿನ ಒಂದು ಲಿವರ್ ಒತ್ತಬೇಕು, ತಿರುಗಿಸಲು ಜೊತೆಗೆ ರಡರ್ ಪೆಡಲ್. ಬ್ರೇಕ್ ನಡೆಯುವುದು ಬಾಟಲಿಯ ಒತ್ತಡದ ಗಾಳಿಯಿಂದ, ಪದೇ ಪದೇ ಒತ್ತಿದರೆ ಖಾಲಿಯಾಗುತ್ತದೆ. ಕೀಬೋರ್ಡ್‌ನ ಗುಂಡಿಗೆ ಕೊಡುವ ಬದಲು ಈ ಲಿವರ್‌ಗೆ ಜಾಯ್‌ಸ್ಟಿಕ್‌ನ ಒಂದು ಆಕ್ಸಿಸ್ ಮೀಸಲಿಡಿ. ಅರ್ಧ ಬ್ರೇಕ್, ಕಾಲು ಬ್ರೇಕ್ ಬೇಕಾಗುವುದು ಟ್ಯಾಕ್ಸಿ ಮಾಡುವಾಗಲೇ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗಲೇ.