ಗುಂಪಿನಲ್ಲಿ ಸಿಬಿಟಿ: ಮೂರನೆಯ ಸಲ ಕೈಗೂಡಿತು

ಖಿನ್ನತೆಯಿಂದ ಬಳಲುವ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಸಿಬಿಟಿ (ಆಲೋಚನೆ ಮತ್ತು ನಡವಳಿಕೆಯನ್ನು ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಕೊಟ್ಟರೆ ಒಬ್ಬರ ನೋವು ಇನ್ನೊಬ್ಬರಿಗೆ ಅಂಟುತ್ತದೆ ಎಂದು ಹಿರಿಯ ಸಹೋದ್ಯೋಗಿಗಳು ಎಚ್ಚರಿಸಿದ್ದರು. ನನ್ನ ಮೊದಲ ಎರಡು ಗುಂಪುಗಳು ಚದುರಿಹೋದಾಗ ಅವರ ಮಾತೇ ನಿಜವೇನೋ ಅನ್ನಿಸಿತ್ತು. ಮೂರನೆಯದು ಕೊನೆಯವರೆಗೂ ನಿಂತಿತು.

ಮೊದಲ ಗುಂಪಿನಲ್ಲಿ 11 ಮಕ್ಕಳು. ನಡುವೆ ಯಾರು ಬೇಕಾದರೂ ಸೇರಬಹುದಿತ್ತು. ಎರಡನೆಯ ವಾರವೇ ಆಲೋಚನೆಗಳನ್ನು ದಾಖಲಿಸುವ ಹಾಳೆ ಹಂಚಿದೆ. ಅವರಿಗೆ ಅದು ಇನ್ನೊಂದು ಪರೀಕ್ಷೆಯಂತೆ ಕಂಡಿತು. ಐದನೆಯ ವಾರಕ್ಕೆ ಉಳಿದವರು ನಾಲ್ವರು. ಎರಡನೆಯ ಗುಂಪಿನಲ್ಲಿ ಒಂದೇ ಶಾಲೆಯ ಮೂವರನ್ನು ಸೇರಿಸಿಕೊಂಡೆ. ಕೋಣೆಯ ಮಾತು ತರಗತಿಗೆ ತಲುಪಿತು, ಹುಡುಗಿಯೊಬ್ಬಳು ಮತ್ತೆ ಬರಲೇ ಇಲ್ಲ. ತಪ್ಪು ನನ್ನದೇ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಣದ ಲೆಕ್ಕವೂ ತಲೆಕೆಳಗಾಗಿತ್ತು. ಒಬ್ಬರಿಗೇ ಕೊಡುವ ಸೆಷನ್ನಿನ ಶುಲ್ಕದ ಮೂರನೆಯ ಒಂದು ಭಾಗವನ್ನಷ್ಟೇ ತಲೆಗೆ ಇಟ್ಟಿದ್ದೆ. ನನ್ನೊಡನೆ ಗುಂಪು ನಡೆಸುವ ಜೊತೆಗಾರ್ತಿಯ ಸಂಭಾವನೆ, ಬಾಡಿಗೆ, ಪ್ರತಿ ಮಗುವಿನ ಪೂರ್ವ ಸಂದರ್ಶನ, ಪೋಷಕರೊಡನೆ ಫೋನಿನಲ್ಲಿ ಕಳೆಯುವ ಗಂಟೆಗಳು ಯಾವುವೂ ಲೆಕ್ಕದಲ್ಲಿರಲಿಲ್ಲ. ಐದಕ್ಕಿಂತ ಕಡಿಮೆ ಮಕ್ಕಳಾದರೆ ಕೈಯಿಂದಲೇ ಹಾಕಬೇಕಾಗುತ್ತದೆ. ಹಾಗೆಂದು ಜೊತೆಗಾರರನ್ನು ಕೈಬಿಟ್ಟು ಉಳಿತಾಯ ಮಾಡಬೇಡಿ. ಒಂದು ಮಗು ಅಳುತ್ತಾ ಎದ್ದು ಹೋದರೆ ಹಿಂದೆ ಹೋಗುವವರು ಯಾರು?

ಮನೋವಿಜ್ಞಾನಿಗಳಾದ ಲೆವಿನ್‌ಸನ್ ಮತ್ತು ಕ್ಲಾರ್ಕ್ ಖಿನ್ನತೆಯಿರುವ ಹದಿಹರೆಯದವರಿಗಾಗಿ ರೂಪಿಸಿದ ಕೋರ್ಸಿನಲ್ಲಿ ಎರಡು ಗಂಟೆಗಳ 16 ಸೆಷನ್‌ಗಳಿವೆ. ಮೂರನೆಯ ಗುಂಪಿಗೆ ನಾನು ಅದನ್ನು 12ಕ್ಕೆ ಇಳಿಸಿದೆ, ವಾರಕ್ಕೊಮ್ಮೆ 90 ನಿಮಿಷ. ಎಂಟೇ ಮಕ್ಕಳು, ಬೇರೆ ಬೇರೆ ಶಾಲೆಯವರು, ಆರಂಭವಾದ ಮೇಲೆ ಹೊಸಬರಿಲ್ಲ. ಮೊದಲ ನಾಲ್ಕು ವಾರ ಆಲೋಚನೆಯ ಗೊಡವೆಗೇ ಹೋಗಲಿಲ್ಲ, ಚಟುವಟಿಕೆ ಮಾತ್ರ. ಹತ್ತು ನಿಮಿಷ ನಡೆ, ಹೊರಡುವ ಮೊದಲೂ ಬಂದ ಮೇಲೂ ಮನಸ್ಸಿಗೆ 0ಯಿಂದ 10ರೊಳಗೆ ಅಂಕ ಕೊಡು. ಅದೂ ಆಗದವರಿಗೆ ಎದ್ದು ಕಿಟಕಿ ತೆರೆಯುವುದೇ ಆ ದಿನದ ಕೆಲಸ. ತಮ್ಮದೇ ಅಂಕ ಮೂರರಿಂದ ಐದಕ್ಕೆ ಏರಿದ್ದನ್ನು ಕಂಡವರಿಗೆ ನಾನು ಏನನ್ನೂ ವಾದಿಸಿ ಒಪ್ಪಿಸಬೇಕಾಗಲಿಲ್ಲ.

ಐದನೆಯ ವಾರ ಹೆಸರಿಲ್ಲದ ಚೀಟಿಗಳು: ತನ್ನನ್ನು ಕುಗ್ಗಿಸುವ ಆಲೋಚನೆಯೊಂದನ್ನು ಬರೆಯುವುದು, ಬೇರೊಬ್ಬರು ಅದಕ್ಕೆ ಉತ್ತರ ಕೊಡುವುದು. ‘ಸಂದೇಶಕ್ಕೆ ಉತ್ತರ ಬರಲಿಲ್ಲ, ನಾನು ಯಾರಿಗೂ ಬೇಡ’ ಎಂಬ ಚೀಟಿ ಒಬ್ಬ ಹುಡುಗನ ಕೈಗೆ ಬಂತು. ತನ್ನ ಬಗ್ಗೆ ಒಂದೂ ಒಳ್ಳೆಯ ಮಾತು ಆಡದಿದ್ದವನು ಅದಕ್ಕೆ ವಿರುದ್ಧವಾಗಿ ಮೂರು ಪುರಾವೆ ಕೊಟ್ಟ. ಸ್ವಲ್ಪ ತಡೆದು, “ನಾನೂ ಹೆಚ್ಚುಕಡಿಮೆ ಇದನ್ನೇ ಬರೆದಿದ್ದೆ” ಎಂದ. ನಾನು ನೂರು ಸಲ ಹೇಳಿದರೂ ಆಗದ ಕೆಲಸ ಅದು. ಆ ಚೀಟಿಗಳನ್ನು ಆಯುವ ಬಗೆ ಸದ್ಯ ನನ್ನಲ್ಲೇ ಇರಲಿ.

ಅಂಟುವ ಭಯ ಸುಳ್ಳಲ್ಲ. ಸ್ವಹಾನಿಯ ವಿವರಗಳು ಗುಂಪಿನಲ್ಲಿ ಬರಕೂಡದು, ಅವು ಪ್ರತ್ಯೇಕ ಭೇಟಿಗೆ. ಖಿನ್ನತೆಯ ತೀವ್ರತೆ ಅಳೆಯುವ ಪಿಎಚ್‌ಕ್ಯೂ ಪಟ್ಟಿಯ ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ; ಅದರ ಉತ್ತರವನ್ನು ಮಗು ಮನೆಗೆ ಹೊರಡುವ ಮೊದಲೇ ಓದಿರಬೇಕು.

ನಡುವೆ ಹಾಡುಗಳ ಪ್ರಯೋಗವೊಂದನ್ನು ಮಾಡಿದೆ: ಇಷ್ಟದ ಹಾಡು ಹಂಚಿಕೊಳ್ಳುವುದು. ಎಲ್ಲರೂ ಶೋಕಗೀತೆಗಳನ್ನೇ ತಂದರು, ಅಂಕಗಳು ಕುಸಿದವು; ಎರಡೇ ವಾರಕ್ಕೆ ನಿಲ್ಲಿಸಿದೆ. ಬೆಳಿಗ್ಗೆ ಏಳುವ ಸಮಯವನ್ನು ಗೊತ್ತುಮಾಡಿದ್ದು ಮಾತ್ರ ಫಲ ಕೊಟ್ಟಿತು.

ಎಂಟರಲ್ಲಿ ಏಳು ಮಂದಿ ಮುಗಿಸಿದರು. ಪಿಎಚ್‌ಕ್ಯೂ ಸರಾಸರಿ (ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು) 16ರ ಆಸುಪಾಸಿನಿಂದ ಎಂಟು ಒಂಬತ್ತಕ್ಕೆ ಇಳಿಯಿತು. ಇಬ್ಬರು ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಮುಚ್ಚಿಡುವುದಿಲ್ಲ. ಒಬ್ಬನಲ್ಲಿ ಏನೂ ಬದಲಾಗಲಿಲ್ಲ. ಅವನನ್ನು ಮನೋವೈದ್ಯರಲ್ಲಿಗೆ ಕಳುಹಿಸಿದೆ. ತಿಂಗಳಿಗೊಮ್ಮೆ ನಡೆಸುವ ಮರುಭೇಟಿಗೆ ಅವನೂ ತಪ್ಪದೆ ಬರುತ್ತಾನೆ.